ಲಿಫ್ಟಿನ ಲೆಕ್ಕ

ಹಾಸನದ ದೊಡ್ಡಾಸ್ಪತ್ರೆಯ ಹಳೇ ಲಿಫ್ಟು ನನ್ನದು.
ನನ್ನದೆಂದರೆ, ಒಂದು ಸ್ಟೂಲು, ಏಳು ಗುಂಡಿ,
ಗುತ್ತಿಗೆ ಸಂಬಳ, ನೆತ್ತಿಯ ಮೇಲೆ ತಿರುಗದ ಫ್ಯಾನು.
ಐದರಿಂದ ಸೊನ್ನೆಗೆ, ಸೊನ್ನೆಯಿಂದ ಮೈನಸ್ ಒಂದಕ್ಕೆ,
ಮತ್ತೆ ಮೇಲಕ್ಕೆ.

ಸೊನ್ನೆಯಲ್ಲಿ ಚೀಟಿ ಕೌಂಟರು.
ಆಲೂರಿನವರು, ದುದ್ದದವರು, ಅರಕಲಗೂಡಿನಿಂದ
ಮೊದಲ ಬಸ್ಸು ಹಿಡಿದು ಬಂದವರು,
ಯಾರಾದರೂ ಮೊದಲು ಇಲ್ಲೇ ನಿಲ್ಲಬೇಕು.
ಸೊನ್ನೆ ಎಂದರೆ ಏನೂ ಇಲ್ಲ ಅನ್ನುತ್ತಾರೆ.
ಏನೂ ಇಲ್ಲದ ಕಡೆ ಇಷ್ಟೊಂದು ಚಪ್ಪಲಿಯೇ?

ಒಂದು, ಹೆರಿಗೆ ವಾರ್ಡು. ಮೈನಸ್ ಒಂದು, ಶವಾಗಾರ.
ಗುಂಡಿಯ ಮೇಲಿನ ಆ ಅಡ್ಡಗೆರೆ
ಬೆರಳು ತಾಗಿ ತಾಗಿ ಸವೆದೇ ಹೋಗಿತ್ತು.
ಒಂದು ಬೆಳಿಗ್ಗೆ, ಮಗಳ ಬಾಣಂತನಕ್ಕೆ ಬಂದ ಅಜ್ಜಿ
ಬಿಸಿನೀರಿನ ಫ್ಲಾಸ್ಕು ಹಿಡಿದು
ಒಬ್ಬಳೇ ಕೆಳಗಿಳಿದುಬಿಟ್ಟಳು.
ನಾನು ಟೀಗೆ ಹೋಗಿದ್ದೆ. ತಪ್ಪು ನನ್ನದೇ.
ಫಿಲೋಮಿನಾ ಸಿಸ್ಟರ ಹತ್ತಿರ ಬಿಳಿ ಪ್ಲಾಸ್ಟರು ಇಸಕೊಂಡು
ಸಣ್ಣಗೆ ಕತ್ತರಿಸಿ, ಒಂದರ ಎಡಕ್ಕೆ ಅಂಟಿಸಿದೆ.
ಸೊನ್ನೆಯಿಂದ ಎರಡಕ್ಕೂ ದೂರ ಅಷ್ಟೇ.
ವ್ಯತ್ಯಾಸವೆಲ್ಲ ಆ ಉಗುರಗಲದ ಪ್ಲಾಸ್ಟರಿನಲ್ಲಿ.

ಸಾಕಮ್ಮ ಐದರಲ್ಲಿ ನೆಲ ಒರೆಸುತ್ತಾಳೆ.
ಅವಳ ಮಗಳು ಇಂಪನಾ, ಏಳನೇ ಕ್ಲಾಸು,
ಶಾಲೆ ಬಿಟ್ಟವಳೇ ನೇರ ಲಿಫ್ಟಿಗೆ.
ಸ್ಟೂಲು ಅವಳಿಗೆ; ನಾನು ನಿಂತುಕೊಳ್ಳುತ್ತೇನೆ.
“ಎರಡಕ್ಕೂ ಮೂರಕ್ಕೂ ಮಧ್ಯೆ ಪೂರ್ಣಾಂಕ ಇಲ್ವಂತೆ ಮಾಮ.”
ಕರೆಂಟು ಹೋದಾಗ ನೋಡಿದ್ದೇನೆ ಮಗಾ, ಆ ಮಧ್ಯವನ್ನು:
ಒಂದು ಗೋಡೆ, ಗ್ರೀಸು ಹತ್ತಿದ ಕಂಬಿ,
ಯಾರೋ ಗಾರೆಯವನು ಹಸಿ ಸಿಮೆಂಟಿನಲ್ಲಿ ಗೀಚಿದ ಹೆಸರು.
ಆದರೆ ಬಾಗಿಲಿಲ್ಲ. ಯಾರೂ ಅಲ್ಲಿ ಇಳಿಯುವಂತಿಲ್ಲ.
ಎಷ್ಟು ಹತ್ತು, ಎಷ್ಟು ಇಳಿ,
ಯಾವುದೋ ಒಂದು ಅಂತಸ್ತಿಗೇ ಬಂದು ನಿಲ್ಲಬೇಕು.
“ಅದೇ ಆವೃತ ಗುಣ,” ಅಂದಳು, ಪೆನ್ಸಿಲು ಕಚ್ಚುತ್ತ.
ನಾಲ್ಕು ಹತ್ತಿದವನು ನಾಲ್ಕು ಇಳಿದರೆ ಸೊನ್ನೆ.
ಡಿಸ್ಚಾರ್ಜು ಅನ್ನುತ್ತೇವೆ ನಾವು ಅದಕ್ಕೆ.

“ನಿಮ್ಮ ಲಿಫ್ಟು ಐದಕ್ಕೇ ಮುಗೀತು. ನನ್ನ ಪುಸ್ತಕದ್ದು ಮುಗಿಯೋದೇ ಇಲ್ಲ.”
ಕೆಳಗೂ?
“ಕೆಳಗೂ.”
ಎಷ್ಟು ಸಲೀಸಾಗಿ ಹೇಳಿಬಿಟ್ಟಳು.

ಸಿಕ್ಕಿಬಿದ್ದದ್ದು ಗುಣಾಕಾರದಲ್ಲಿ.
ಋಣವನ್ನು ಋಣದಿಂದ ಗುಣಿಸಿದರೆ ಧನ. ಯಾಕೆ?
ಮೇಷ್ಟ್ರು ಬಾಯಿಪಾಠ ಮಾಡಿ ಅಂದರಂತೆ.
ನನ್ನನ್ನು ಕೇಳಿದರೆ? ಎಸ್ಸೆಸ್ಸೆಲ್ಸಿ ಗಣಿತದಲ್ಲಿ
ನನಗೆ ಬಂದದ್ದು ಹತ್ತೊಂಬತ್ತು.

ಅಷ್ಟರಲ್ಲಿ ಐದರಿಂದ ಗಂಟೆ.
ಇಂಪನಾಳನ್ನು ಅಲ್ಲೇ ಅವಳಮ್ಮನ ಹತ್ತಿರ ಇಳಿಸಿ
ಸ್ಟ್ರೆಚರು ಒಳಕ್ಕೆ ತೆಗೆದುಕೊಂಡೆ. ಬಿಳಿ ಬಟ್ಟೆ.
ಜೊತೆಗೊಬ್ಬ ಹೆಂಗಸು, ಕೈಯಲ್ಲಿ ಗಂಡಸರ ವಾಚು.
ಮುದಿ ಲಿಫ್ಟು, ನಿಮಿಷಕ್ಕೆ ಎರಡೇ ಅಂತಸ್ತು.
ನಾಲ್ಕು. ಮೂರು. ಎರಡರಲ್ಲಿ ಯಾರೋ ಹತ್ತಲು ಬಂದು ಹಿಂದೆ ಸರಿದರು.
ಒಂದರಲ್ಲಿ ಕೂಸಿನ ಅಳು ಗೋಡೆಯಾಚೆ ಹಾದುಹೋಯಿತು.
“ಋಣ ಇಷ್ಟೇ ಇತ್ತು,” ಅಂದಳು ಸೊನ್ನೆ ದಾಟುವಾಗ.
ಎಲ್ಲರೂ ಅನ್ನುವುದು ಅದನ್ನೇ.
ಬಾಗಿಲು ತೆರೆಯಿತು. ಅವಳು ವಾಚು ನೋಡಿ,
“ಮೂರು ನಿಮಿಷದ ಹಿಂದೆ ಮೇಲಿದ್ರು,” ಅಂದಳು.

ಇಳಿಯುವುದು, ನಿಮಿಷಕ್ಕೆ ಎರಡು.
ಹಿಂದಕ್ಕೆ, ಮೂರು ನಿಮಿಷ.
ಇಲ್ಲಿಂದ ಎಷ್ಟು ಮೇಲೆ? ಆರು.
ಖಾಲಿ ಲಿಫ್ಟಿನಲ್ಲಿ ನಿಂತವನಿಗೆ ಲೆಕ್ಕ ಬಂದುಬಿಟ್ಟಿತು.
ಹೀಗೆ ಬರಬಾರದಿತ್ತು.

ಮಾರನೇ ದಿನ ಹುಡುಗಿಗೆ ಹೇಳಿಕೊಟ್ಟೆ,
ಸ್ಟ್ರೆಚರಿನ ಬದಲು ಔಷಧಿ ಪೆಟ್ಟಿಗೆ ಇಟ್ಟು.
ಹುಬ್ಬು ಗಂಟಿಕ್ಕಿ ಕೂತಿದ್ದವಳು ಒಮ್ಮೆಲೇ ನಕ್ಕಳು.
ಆರು ಎಂದು ಬರೆದಳು.
ಪ್ಲಸ್ ಹಾಕಲ್ವಾ?
“ಬೇಡ ಮಾಮ, ಧನಕ್ಕೆ ಗುರುತು ಹಾಕದಿದ್ರೂ ನಡೆಯುತ್ತೆ.”

ಋಣಕ್ಕೆ ನಡೆಯುವುದಿಲ್ಲ.
ಪ್ಲಾಸ್ಟರಿನ ಅಂಚು ಮತ್ತೆ ಎದ್ದಿದೆ.
ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದೇನೆ,
ಮೂರರಿಂದ ಯಾರೋ ಗಂಟೆ ಒತ್ತುತ್ತಲೇ ಇದ್ದಾರೆ.